ಚಹಾ ಸುರಿದ ಅನ್ನ, ಮಾತು ಬಿಟ್ಟ ದಂಪತಿ: ಓದುಗರ ಪ್ರಶ್ನೆಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಜಪಾನಿನ ನಿರ್ದೇಶಕ ಯಾಸುಜಿರೊ ಓಜು ಅವರ 1952ರ ಚಿತ್ರ ‘ಓಚಾಝುಕೆ ನೊ ಅಜಿ’ (ಚಹಾ ಸುರಿದ ಅನ್ನದ ರುಚಿ)ಯನ್ನು ಪರಿಚಯಿಸಿದ್ದೆವು. ಬಂದ ಪತ್ರಗಳಲ್ಲಿ ಊಟದ ಪ್ರಶ್ನೆಗಳೇ ಹೆಚ್ಚು. ವಕೀಲರೊಬ್ಬರ ಪತ್ರಕ್ಕೆ ಉದ್ದ ಉತ್ತರ ಬೇಕಾಯಿತು.

ಆ ಸಂಚಿಕೆ ಕೈತಪ್ಪಿತು. ಕಥೆ ಏನು, ಚುಟುಕಾಗಿ ಹೇಳಿ. ಗಂಡ ಹೆಂಡತಿ ಮುನಿಸಿಕೊಂಡು ದೂರವಾದ ಚಿತ್ರವನ್ನು ಕಾಮಿಡಿ ಅನ್ನೋದು ಹೇಗೆ?
— ಓದುಗರು, ಸಾಗರ

ತಾಯೆಕೊ (ಮಿಚಿಯೊ ಕೊಗುರೆ) ಟೋಕಿಯೊದ ಸಿರಿವಂತರ ಮನೆಯ ಹೆಣ್ಣು. ಗಂಡ ಮೊಕಿಚಿ (ಶಿನ್ ಸಬುರಿ) ನಾಗಾನೊ ಕಡೆಯವನು, ಕಂಪನಿಯಲ್ಲಿ ಒಳ್ಳೆಯ ಹುದ್ದೆ, ಮಾತು ಕಡಿಮೆ. ಹಿರಿಯರು ನೋಡಿ ಮಾಡಿದ ಮದುವೆ, ಮಕ್ಕಳಿಲ್ಲ. ಗೆಳತಿಯರ ಜೊತೆ ಶುಝೆಂಜಿಯ ಬಿಸಿನೀರ ಬುಗ್ಗೆಗೆ ಹೋಗುವ ಆಸೆಯಿಂದ ತಾಯೆಕೊ, ಅಣ್ಣನ ಮಗಳು ಸೆತ್ಸುಕೊಗೆ ಕಾಯಿಲೆ ಎಂದು ಗಂಡನಿಗೆ ಸುಳ್ಳು ಹೇಳಲು ಹೊರಡುತ್ತಾಳೆ. ಅಷ್ಟರಲ್ಲಿ ಸೆತ್ಸುಕೊ ಗಟ್ಟಿಮುಟ್ಟಾಗಿ ಮನೆ ಬಾಗಿಲಿಗೇ ಬಂದು ನಿಲ್ಲುತ್ತಾಳೆ. ಕಾಯಿಲೆಯನ್ನು ತಕ್ಷಣ ಬೇರೆ ಗೆಳತಿಯ ತಲೆಗೆ ಕಟ್ಟಬೇಕಾಗುತ್ತದೆ. ಬುಗ್ಗೆಯ ಊರಿನ ಕೊಳದಲ್ಲಿ ಒಂದು ಮಂಕು ಮೀನು ಕಂಡರೆ ‘ಇದು ನಮ್ಮ ಮನೆಯವರೇ’ ಎನ್ನುವ ಧಾಟಿಯಲ್ಲಿ ಗೆಳತಿಯರೆಲ್ಲ ನಗುತ್ತಾರೆ.

ಮೊದಲರ್ಧ ಹೀಗೆ ನಗಿಸುತ್ತಲೇ ಸಾಗುತ್ತದೆ. ಆಮೇಲೆ ಸೆತ್ಸುಕೊ ವಧುಪರೀಕ್ಷೆಗೆಂದು ಏರ್ಪಡಿಸಿದ ಕಬುಕಿ ನಾಟಕದಿಂದ ತಪ್ಪಿಸಿಕೊಂಡು ಮಾವನ ಹಿಂದೆ ಹೋಗುತ್ತಾಳೆ. ಅದನ್ನು ಮೊಕಿಚಿ ಮುಚ್ಚಿಟ್ಟ ಎಂದು ತಾಯೆಕೊ ಮಾತು ಬಿಡುತ್ತಾಳೆ, ಹೇಳದೆ ಕೇಳದೆ ರೈಲು ಹತ್ತುತ್ತಾಳೆ. ಅದೇ ಹೊತ್ತಿಗೆ ಗಂಡನಿಗೆ ಕಂಪನಿ ಕೆಲಸದ ಮೇಲೆ ಉರುಗ್ವೆಗೆ ಹೋಗಲು ಆದೇಶ. ತಂತಿ ಕಳಿಸಿದರೂ ಅವಳು ಬರುವುದಿಲ್ಲ, ಅವನು ವಿಮಾನ ಹತ್ತುತ್ತಾನೆ. ಅವಳು ಮನೆಗೆ ಮರಳುವುದು ಆಮೇಲೆ. ಇಂಜಿನ್ ಕೆಟ್ಟು ವಿಮಾನ ವಾಪಸ್ಸಾಗಿ, ರಾತ್ರಿ ಅವನು ಮನೆ ಸೇರುವಾಗ ಕೆಲಸದಾಕೆ ಮಲಗಿದ್ದಾಳೆ. ತಮ್ಮದೇ ಅಡುಗೆಮನೆಯಲ್ಲಿ ಯಾವ ಸಾಮಾನು ಎಲ್ಲಿದೆ ಎಂದು ಗೊತ್ತಿಲ್ಲದ ಇಬ್ಬರು ಹುಡುಕಾಡಿ, ಅನ್ನಕ್ಕೆ ಚಹಾ ಸುರಿದು ಊಟ ಮಾಡುತ್ತಾರೆ. ಕಥೆಯ ಗಂಟು ಬಿಚ್ಚುವುದು ಅಲ್ಲಿಯೇ.

ಈ ಬಗೆಯ ಚಿತ್ರಗಳಲ್ಲಿ ಜಗಳ ಬರೆಯುವುದು ಸುಲಭ. ಬೇರೆಯಾದವರನ್ನು ಮತ್ತೆ ಒಂದೇ ಕೋಣೆಗೆ ತರಲು ನಂಬುವಂಥ ಕಾರಣ ಹುಡುಕುವುದೇ ಕಷ್ಟ. ಕೆಟ್ಟ ಚಿತ್ರಗಳು ಇಲ್ಲಿ ಅಪಘಾತವನ್ನೋ ಆಸ್ಪತ್ರೆಯನ್ನೋ ತರುತ್ತವೆ. ಓಜು ತಂದಿದ್ದು ಹಸಿವನ್ನು.

ಗಂಡ ಅನ್ನಕ್ಕೆ ಸಾರು ಸುರಿದುಕೊಂಡ ಅಂತ ಹೆಂಡತಿ ಸಿಡುಕ್ತಾಳೆ. ನಮ್ಮನೇಲಿ ದಿನಾ ಅದೇ ಊಟ! ಅದರಲ್ಲಿ ತಪ್ಪೇನಿದೆ?
— ಓದುಗರು, ಮಂಡ್ಯ

ನಮ್ಮ ಸಾರನ್ನದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಜಪಾನಿನ ಊಟದಲ್ಲಿ ಬಿಳಿ ಅನ್ನದ ಬಟ್ಟಲು ಬೇರೆ, ಮಿಸೊ (ಹುಳಿಸಿದ ಸೋಯಾ ಕಾಳಿನ ಮುದ್ದೆ) ಸಾರಿನ ಬಟ್ಟಲು ಬೇರೆ. ಸಾರನ್ನು ಬಟ್ಟಲಿನಿಂದ ಹೀರಬೇಕು, ಅನ್ನವನ್ನು ಅದರ ಪಾಡಿಗೆ ಬಿಡಬೇಕು. ಎರಡನ್ನೂ ಸೇರಿಸಿದರೆ ಅದನ್ನು ‘ಬೆಕ್ಕಿನ ಊಟ’ ಎಂದು ಹೀಗಳೆಯುತ್ತಾರೆ. ಮನೆಯಲ್ಲಿ ಒಬ್ಬರೇ ಇದ್ದಾಗ ಹಾಗೆ ತಿನ್ನುವವರು ಬೇಕಾದಷ್ಟಿದ್ದಾರೆ. ಆದರೆ ಸಿರಿವಂತರ ಮನೆಯ ಮೇಜಿನ ಮೇಲೆ, ಕೆಲಸದಾಕೆ ನೋಡುತ್ತಿರುವಾಗ ಅದು ಮರ್ಯಾದೆಯ ಪ್ರಶ್ನೆ.

ಮೊಕಿಚಿ ಸೇದುವುದು ಅಗ್ಗದ ‘ಆಸಾಹಿ’ ಸಿಗರೇಟು, ರೈಲಿನಲ್ಲಿ ಇಷ್ಟಪಡುವುದು ಮೂರನೇ ದರ್ಜೆ. ಆಡಂಬರವಿಲ್ಲದ್ದೇ ತನಗೆ ಹಿತ ಎಂದು ಅವನು ಹೇಳಿಕೊಳ್ಳುತ್ತಾನೆ. ಹೆಂಡತಿಯ ಕೋಣೆ ಪಾಶ್ಚಾತ್ಯ ಮಾದರಿಯದು, ಅವನದು ಚಾಪೆ ಹಾಸಿದ ಕೋಣೆ. ಜಗಳ ಸಾರಿನದಲ್ಲ, ಅಂತಸ್ತಿನದು.

ಇನ್ನೊಂದು ಸಲ ನೋಡುವಾಗ ಇದನ್ನು ಗಮನಿಸಿ: ಅನ್ನಕ್ಕೆ ಸಾರು ಸುರಿದ ಗಂಡನನ್ನು ಗದರಿಸಿದವಳೇ ಕೊನೆಯಲ್ಲಿ ಅನ್ನಕ್ಕೆ ಚಹಾ ಸುರಿದು ಅವನ ಎದುರು ಕೂತು ತಿನ್ನುತ್ತಾಳೆ. ಮೊದಲಿನ ಊಟದ ದೃಶ್ಯ ಇಲ್ಲದಿದ್ದರೆ ಕೊನೆಯ ಊಟಕ್ಕೆ ಅಷ್ಟು ತೂಕವೇ ಇರುತ್ತಿರಲಿಲ್ಲ.

ಚಿತ್ರಕಥೆ ಯುದ್ಧಕ್ಕೂ ಮೊದಲಿನದು, ಸೆನ್ಸಾರ್ ತಡೆದಿತ್ತು ಎಂದು ಬರೆದಿದ್ದಿರಿ. ಅನ್ನ, ಚಹಾದಲ್ಲಿ ಸರ್ಕಾರಕ್ಕೆ ಕಂಡ ಅಪಾಯವೇನು?
— ಓದುಗರು, ಬೆಂಗಳೂರು

ಓಜು ಚೀನಾದ ಯುದ್ಧರಂಗದಿಂದ 1939ರಲ್ಲಿ ಮರಳಿದರು. ಅದೇ ವರ್ಷ ಜಾರಿಗೆ ಬಂದ ಚಲನಚಿತ್ರ ಕಾಯ್ದೆಯಂತೆ, ಚಿತ್ರೀಕರಣ ಶುರುವಾಗುವ ಮೊದಲೇ ಚಿತ್ರಕಥೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಆಗಿನ ಕಥೆಯಲ್ಲಿ ಗಂಡ ಹೊರಡುವುದು ಉರುಗ್ವೆಗಲ್ಲ, ಯುದ್ಧಕ್ಕೆ. ಹೊರಡುವ ಮುನ್ನ ದಂಪತಿ ತಿನ್ನುವುದು ಇದೇ ಚಹಾ ಅನ್ನ. ಅಧಿಕಾರಿಗಳು ತಕರಾರು ತೆಗೆದರು: ಸೈನಿಕನನ್ನು ಬೀಳ್ಕೊಡುವಾಗ ಸೆಕಿಹಾನ್ ಉಣ್ಣಬೇಕು. ಅದು ಕೆಂಪು ಅಜುಕಿ ಕಾಳು ಹಾಕಿ ಬೇಯಿಸಿದ ಅಂಟಕ್ಕಿಯ ಅನ್ನ, ಶುಭ ಸಂದರ್ಭದ ಅಡುಗೆ. ಯುದ್ಧಕ್ಕೆ ಹೊರಟವನಿಗೆ ತಂಗಳು ತಿನ್ನಿಸುವುದು ಗಾಂಭೀರ್ಯವಿಲ್ಲದ್ದು ಎಂದರು. ಓಜು ಚಿತ್ರಕಥೆಯನ್ನು ಬದಿಗಿಟ್ಟರು.

ಯುದ್ಧದಲ್ಲಿ ಸೋತ ಜಪಾನಿನ ಮೇಲಿದ್ದ ಅಮೆರಿಕನ್ನರ ಆಡಳಿತ 1952ರ ಏಪ್ರಿಲ್‌ನಲ್ಲಿ ಮುಗಿಯಿತು. ಚಿತ್ರ ತೆರೆಗೆ ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಚಿತ್ರಕಥೆಗಾರ ಕೊಗೊ ನೋದಾ ಜೊತೆ ಕೂತು ಓಜು ಕಥೆಯನ್ನು ಹೊಸ ಕಾಲಕ್ಕೆ ತಿದ್ದಿದ್ದರು. ತಿದ್ದಿದ್ದರಲ್ಲಿ ಒಂದು ನಷ್ಟವೂ ಇದೆ. ಯುದ್ಧಕ್ಕೆ ಹೋಗುವವನು ಮರಳದೇ ಇರಬಹುದು, ಉರುಗ್ವೆಗೆ ಹೋಗುವವನು ಮರಳುತ್ತಾನೆ. ಆ ಭಾರ ಹೋದದ್ದಕ್ಕೇ ಇಂಜಿನ್ ಕೆಡಿಸಿ ವಿಮಾನ ತಿರುಗಿಸಬೇಕಾಯಿತು. ಚಿತ್ರದಲ್ಲಿ ಲೇಖಕನ ಕೈ ಕಾಣುವ ಜಾಗ ಅದೊಂದೇ.

ಮನೇಲಿ ಈ ಚಹಾ ಅನ್ನ ಮಾಡಿದೆ. ಕಹಿ ಗಂಜಿ ಆಯ್ತು. ಸರಿಯಾದ ಅಳತೆ ಕೊಡಿ. ಅವರು ಹುಡುಕಿ ತೆಗೆಯೋ ಉಪ್ಪಿನಕಾಯಿ ಯಾವುದು?
— ಓದುಗರು, ಧಾರವಾಡ

ಕಹಿ ಆದದ್ದು ಕುದಿಯುವ ನೀರಿನಿಂದ, ಗಂಜಿ ಆದದ್ದು ಮೆತ್ತಗೆ ಬೆಂದ ಅನ್ನದಿಂದ.

ಒಬ್ಬರಿಗೆ 150 ಗ್ರಾಂ ಅನ್ನ, 150ರಿಂದ 180 ಮಿಲಿಲೀಟರ್ ಚಹಾ ಸಾಕು. ಸೋನಾ ಮಸೂರಿಯಾದರೆ ದಿನಾ ಹಾಕುವುದಕ್ಕಿಂತ ಕಾಲು ಭಾಗ ನೀರು ಕಡಿಮೆ ಹಾಕಿ. ಅಗುಳು ಬೇರೆ ಬೇರೆಯಾಗಿರಬೇಕು. ಬಾಸ್ಮತಿ ಬೇಡ, ಅದರ ಪರಿಮಳ ಚಹಾದ ಜೊತೆ ಹೊಂದುವುದಿಲ್ಲ. ಉಳಿದ ಅನ್ನವಾದರೆ ಫ್ರಿಜ್‌ನಲ್ಲಿ ಇಟ್ಟದ್ದನ್ನು ಚೆನ್ನಾಗಿ ಬಿಸಿ ಮಾಡಿ ಬಳಸಿ; ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಬಿಸಿ ಮಾಡಿದರೂ ಅದರೊಳಗಿನ ವಿಷ ಹೋಗುವುದಿಲ್ಲ.

ನೀರನ್ನು ಕುದಿಸಿ, ಒಲೆ ಆರಿಸಿ, ತೆರೆದ ಪಾತ್ರೆಯಲ್ಲಿ ನಾಲ್ಕೈದು ನಿಮಿಷ ಬಿಟ್ಟರೆ ಹೆಚ್ಚುಕಡಿಮೆ 80 ಡಿಗ್ರಿಗೆ ಇಳಿಯುತ್ತದೆ. 200 ಮಿಲಿಲೀಟರ್‌ಗೆ 4 ಗ್ರಾಂ ಹಸಿರು ಚಹಾ ಎಲೆ ಹಾಕಿ, ಒಂದೇ ನಿಮಿಷಕ್ಕೆ ಸೋಸಿ. ಹೆಚ್ಚು ಹೊತ್ತು ಬಿಟ್ಟರೆ ಎಲೆಯ ಒಗರೆಲ್ಲ ನೀರಿಗೆ ಇಳಿಯುತ್ತದೆ. ಹುರಿದ ಎಲೆಯ ಹೋಜಿಚಾ ಸಿಕ್ಕರೆ ಕುದಿನೀರನ್ನೇ ಹಾಕಬಹುದು, ಅದು ಅಷ್ಟು ಸುಲಭಕ್ಕೆ ಕಹಿಯಾಗದು. ನಿಂಬೆ, ತುಳಸಿ, ಜೇನು ಬೆರೆಸಿದ ಪೊಟ್ಟಣಗಳು ಇದಕ್ಕೆ ಆಗುವುದಿಲ್ಲ.

ಬಟ್ಟಲಿನ ಅರ್ಧಕ್ಕೆ ಅನ್ನ, ಮೇಲೆ ಚಿಟಿಕೆ ಉಪ್ಪು, ಹುರಿದ ಎಳ್ಳು, ಇದ್ದರೆ ನೋರಿ (ಒಣಗಿಸಿದ ಕಡಲಪಾಚಿ) ಹಾಳೆಯ ಚೂರು. ತಿನ್ನಲು ಕೂತ ಮೇಲೆಯೇ ಚಹಾ ಸುರಿಯಿರಿ, ಅನ್ನ ಪೂರ್ತಿ ಮುಳುಗುವುದು ಬೇಡ. ಹತ್ತು ನಿಮಿಷ ಬಿಟ್ಟರೆ ನಿಮ್ಮ ಗಂಜಿ ಮತ್ತೆ ತಯಾರು. ಜಪಾನಿನಲ್ಲಿ ಉಮೆಬೊಶಿ ಎಂಬ ಉಪ್ಪು ಹಾಕಿದ ಹುಳಿಹಣ್ಣನ್ನು ಇದರ ಮೇಲಿಡುತ್ತಾರೆ. ಅದು ಸಿಗದಿದ್ದರೆ ಉಪ್ಪುನೀರಿನಲ್ಲಿ ಹಾಕಿದ ನೆಲ್ಲಿಕಾಯಿ ಅಥವಾ ಮಾವಿನಕಾಯಿ ಆಗುತ್ತದೆ. ಎಣ್ಣೆ, ಖಾರದ ಉಪ್ಪಿನಕಾಯಿ ಹಾಕಬೇಡಿ. ಎಣ್ಣೆ ಚಹಾದ ಮೇಲೆ ತೇಲುತ್ತದೆ, ಖಾರದ ಮುಂದೆ ಚಹಾ ಇದೆಯೆಂದೇ ಗೊತ್ತಾಗುವುದಿಲ್ಲ.

ಚಿತ್ರದಲ್ಲಿರುವುದು ಅಕ್ಕಿ ತೌಡಿನಲ್ಲಿ ಹುಳಿಸಿದ ತರಕಾರಿ. 1 ಕೆಜಿ ತೌಡು, 130 ಗ್ರಾಂ ಉಪ್ಪು, ಸುಮಾರು 1 ಲೀಟರ್ ಕುದಿಸಿ ಆರಿಸಿದ ನೀರು ಸೇರಿಸಿ, ಹಸಿ ಮಣ್ಣಿನ ಹದಕ್ಕೆ ಕಲಸಬೇಕು. ಮೊದಲ ಏಳೆಂಟು ದಿನ ಎಲೆಕೋಸಿನ ಹೊರ ಎಲೆಯಂಥ ಚೂರುಪಾರು ಹೂತು, ದಿನಾ ಬದಲಿಸಿ ಬಿಸಾಡಬೇಕು. ಹುಳಿವಾಸನೆ ಬಂದ ಮೇಲೆ ಸೌತೆ, ಮೂಲಂಗಿ ಹೂಳಬಹುದು. ಸೌತೆಗೆ ಒಂದು ಹಗಲು ಅಥವಾ ಒಂದು ರಾತ್ರಿ ಸಾಕು. ತೌಡನ್ನು ದಿನಕ್ಕೊಮ್ಮೆ ತಳದಿಂದ ಮಗುಚಬೇಕು. ಮಗುಚದಿದ್ದರೆ ಮೇಲೆ ಬಿಳಿ ಪೊರೆ ಕಟ್ಟಿ, ಪೇಂಟಿನ ತಿನ್ನರ್‌ನಂಥ ವಾಸನೆ ಬರುತ್ತದೆ. ಬೇಸಿಗೆಯಲ್ಲಿ ಫ್ರಿಜ್‌ಗೆ ಇಡಿ. ಎಣ್ಣೆ ತೆಗೆಯದ, ಅದೇ ದಿನ ಗಿರಣಿಯಿಂದ ಬಂದ ತೌಡೇ ಬೇಕು, ಹಳೆಯದಕ್ಕೆ ಕಮಟು ವಾಸನೆ ಬರುತ್ತದೆ.

ದಿನಾ ಕೈ ಹಾಕಿ ಮಗುಚುವ ಕೆಲಸ ಇದು ಎಂದು ತಿಳಿದರೆ ದೃಶ್ಯದ ಅರ್ಥ ಹೆಚ್ಚುತ್ತದೆ. ಆ ಮನೆಯಲ್ಲಿ ಮಗುಚುವವಳು ಕೆಲಸದಾಕೆ. ತಾಯೆಕೊ ತೌಡಿಗೆ ಕೈ ಹಾಕಿದ ಮೇಲೆ ಆ ವಾಸನೆ ಬೆರಳಿಗೆ ಹತ್ತುತ್ತದೆ. ಇಬ್ಬರೂ ಅದನ್ನು ಮೂಸಿ ನಗುತ್ತಾರೆ.

ಕೊನೆಗೆ ಬಗ್ಗುವವಳು ಹೆಂಡತಿಯೇ. ಇದನ್ನು ಹೊಗಳುವುದು ನ್ಯಾಯವೇ?
— ಓದುಗರು, ಮೈಸೂರು

ತಕರಾರಿನಲ್ಲಿ ಹುರುಳಿದೆ. ಕೊನೆಯಲ್ಲಿ ತಾಯೆಕೊ ಗೆಳತಿಯರ ಮುಂದೆ ಕಣ್ಣೀರಿಟ್ಟು ಎಲ್ಲವನ್ನೂ ವಿವರಿಸುವ ದೃಶ್ಯ ಇಲ್ಲದಿದ್ದರೂ ನಡೆಯುತ್ತಿತ್ತು. ಅಡುಗೆಮನೆ ಆಗಲೇ ಹೇಳಿದ್ದನ್ನು ಅದು ಮತ್ತೆ ಹೇಳುತ್ತದೆ. ಆದರೆ ಓಜು ಅವರದೇ 1937ರ ‘ಹೆಂಗಸು ಮರೆತದ್ದೇನು’ ಚಿತ್ರದ ಪಕ್ಕ ಇದನ್ನಿಟ್ಟು ನೋಡಿ. ಅಲ್ಲೂ ಜೋರಿನ ಹೆಂಡತಿ, ಮೆತ್ತನೆಯ ಗಂಡ, ಸ್ವತಂತ್ರ ಸ್ವಭಾವದ ಸೋದರ ಸಂಬಂಧಿ ಹುಡುಗಿ. ಅಲ್ಲಿ ಜಗಳ ಮುಗಿಯುವುದು ಗಂಡ ಕೆನ್ನೆಗೆ ಹೊಡೆದ ಮೇಲೆ, ಹೆಂಡತಿ ಅದನ್ನು ಮೆಚ್ಚಿಕೊಳ್ಳುತ್ತಾಳೆ ಬೇರೆ. 1952ರಲ್ಲಿ ಕೈ ಎತ್ತುವುದಿಲ್ಲ. ಸಾರು ಸುರಿದದ್ದಕ್ಕೆ ಮೊದಲು ಹೋಗಿ ತಪ್ಪಾಯಿತು ಎನ್ನುವವನು ಮೊಕಿಚಿ. ಸೆತ್ಸುಕೊ ಕೂಡ ಕೊನೆವರೆಗೂ ಹಿರಿಯರು ತೋರಿಸಿದ ಗಂಡನ್ನು ಒಪ್ಪುವುದಿಲ್ಲ. ಹದಿನೈದು ವರ್ಷದಲ್ಲಿ ಇಷ್ಟು ಬದಲಾವಣೆ ಸಣ್ಣದಲ್ಲ, ಸಾಲದು ಎಂದರೆ ಅದೂ ನಿಜ.

ನಾನು ವಕೀಲ. ಆ ಕಾಲದ ಅಮೆರಿಕನ್, ಬ್ರಿಟಿಷ್, ಹಿಂದಿ ಚಿತ್ರಗಳಲ್ಲಿ ಮುನಿದ ದಂಪತಿ ಎಂದರೆ ವಿಚ್ಛೇದನದ ಮಾತು ಬಂದೇ ಬರುತ್ತದೆ. ಓಜು ಚಿತ್ರದಲ್ಲಿ ಕೋರ್ಟು ಯಾಕಿಲ್ಲ?
— ಓದುಗರು, ಹಾಸನ

ಆಯಾ ದೇಶದ ಕಾನೂನೇ ಕಥೆಯ ಜಾಡು ನಿರ್ಧರಿಸಿದೆ. ಜಪಾನಿನಲ್ಲಿ ಇಬ್ಬರೂ ಒಪ್ಪಿದರೆ ಸ್ಥಳೀಯ ಕಚೇರಿಗೆ ಒಂದು ಅರ್ಜಿ ಕೊಟ್ಟರೆ ಸಾಕು, ವಿಚ್ಛೇದನವಾಗುತ್ತದೆ. ನ್ಯಾಯಾಧೀಶರ ಮುಂದೆ ನಿಲ್ಲಬೇಕಿಲ್ಲ. ಮದುವೆಗೆ ಇಬ್ಬರ ಒಪ್ಪಿಗೆಯಷ್ಟೇ ಆಧಾರ ಎಂದು 1947ರ ಸಂವಿಧಾನದ 24ನೇ ವಿಧಿ ಬೇರೆ ಹೇಳಿತು. ದಾರಿಯಲ್ಲಿ ಅಡ್ಡಿಯೇ ಇಲ್ಲದಾಗ ಕೋರ್ಟಿನ ನಾಟಕಕ್ಕೆ ಎಡೆಯೆಲ್ಲಿ? ಉಳಿಯುವುದು ಮೌನ.

ನ್ಯೂಯಾರ್ಕ್‌ನಲ್ಲಿ 1967ರವರೆಗೆ ವಿಚ್ಛೇದನಕ್ಕೆ ವ್ಯಭಿಚಾರ ಒಂದೇ ಕಾರಣ. ಹಣವಿದ್ದವರು ಆರು ವಾರ ನೆವಾಡಾದಲ್ಲಿ ವಾಸವಿದ್ದು ಅಲ್ಲಿ ಬಿಡುಗಡೆ ಪಡೆಯುತ್ತಿದ್ದರು. ಜಾರ್ಜ್ ಕ್ಯೂಕರ್ ನಿರ್ದೇಶನದ ‘ಆ್ಯಡಮ್ಸ್ ರಿಬ್’ (1949) ನ್ಯೂಯಾರ್ಕಿನದು. ಪರಸ್ತ್ರೀ ಜೊತೆಗಿದ್ದ ಗಂಡನಿಗೆ ಹೆಂಡತಿಯೊಬ್ಬಳು ಗುಂಡು ಹೊಡೆಯುತ್ತಾಳೆ. ಸರ್ಕಾರದ ಪರ ವಕೀಲ ಸ್ಪೆನ್ಸರ್ ಟ್ರೇಸಿ, ಆರೋಪಿ ಪರ ವಕೀಲೆ ಅವನ ಹೆಂಡತಿ ಕ್ಯಾಥರಿನ್ ಹೆಪ್ಬರ್ನ್. ಹಗಲು ಕೋರ್ಟಿನಲ್ಲಿ ವಾದ, ರಾತ್ರಿ ಮನೆಯಲ್ಲಿ ಅದರ ಮುಂದುವರಿಕೆ. ಕಡೆಗೆ ಅವನು ಮನೆ ಬಿಡುತ್ತಾನೆ. ಮತ್ತೆ ಒಂದೇ ಕೋಣೆಗೆ ತರುವುದು ಆದಾಯ ತೆರಿಗೆಯ ಲೆಕ್ಕ! ಲೆಕ್ಕಿಗನ ಮುಂದೆ ಅವನು ಅತ್ತುಬಿಡುತ್ತಾನೆ, ಅವಳು ಕರಗುತ್ತಾಳೆ. ಆ ಕಣ್ಣೀರು ಬೇಕೆಂದಾಗ ತರಿಸಬಲ್ಲದ್ದು ಎಂದು ಆಮೇಲೆ ತಿಳಿಯುತ್ತದೆ. ಬರೆದವರು ರೂತ್ ಗಾರ್ಡನ್ ಮತ್ತು ಗಾರ್ಸನ್ ಕ್ಯಾನಿನ್, ಗಂಡ ಹೆಂಡತಿ.

ಅಲೆಕ್ಸಾಂಡರ್ ಕೋರ್ಡಾ ಅವರ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ (1945) ಲಂಡನ್ನಿನದು. ಸಪ್ಪೆ ಗುಮಾಸ್ತ (ರಾಬರ್ಟ್ ಡೊನಾಟ್), ಸದಾ ಶೀತದ ಹೆಂಡತಿ (ಡೆಬೊರಾ ಕರ್). ಅವನು ನೌಕಾಪಡೆಗೆ, ಅವಳು ನೌಕಾಪಡೆಯ ಮಹಿಳಾ ದಳಕ್ಕೆ. ಮೂರು ವರ್ಷ ದೂರವಿದ್ದು ಇಬ್ಬರೂ ಬದಲಾಗಿದ್ದಾರೆ, ಆದರೆ ಎದುರಿನವರು ಹಳೆಯ ಹಾಗೆಯೇ ಇರುತ್ತಾರೆಂದು ಹೆದರಿದ್ದಾರೆ. ಯುದ್ಧಕಾಲದ ದೀಪವಿಲ್ಲದ ಬೀದಿಯಲ್ಲಿ ಭೇಟಿ, ಆಮೇಲೆ ಪಬ್ಬಿನ ಬೆಳಕು. ಪುಕ್ಕಟೆ ಸಿಕ್ಕ ಕತ್ತಲೆಯನ್ನು ಇಷ್ಟು ಚೆನ್ನಾಗಿ ಬಳಸಿದ ಚಿತ್ರಕಥೆ ಅಪರೂಪ. ನಿಮ್ಮ ಕಣ್ಣಿಗೆ ಇದೂ ಬೀಳಬಹುದು: ಇಂಗ್ಲೆಂಡಿನ 1937ರ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಮುಖ್ಯ ಕಾರಣಗಳು ವ್ಯಭಿಚಾರ, ಕ್ರೌರ್ಯ, ಮೂರು ವರ್ಷದ ಪರಿತ್ಯಾಗ, ವಾಸಿಯಾಗದ ಮತಿವಿಕಲತೆ. ಸೇನಾ ಸೇವೆಗೆ ಹೋದದ್ದು ಪರಿತ್ಯಾಗವಲ್ಲ. ಇವರ ಅರ್ಜಿ ನಿಲ್ಲುತ್ತಲೇ ಇರಲಿಲ್ಲ.

ಗುರುದತ್ತರ ‘ಮಿಸ್ಟರ್ ಅಂಡ್ ಮಿಸೆಸ್ 55’ರಲ್ಲಿ ಆಸ್ತಿಗಾಗಿ ಕಾಗದದ ಮದುವೆ, ಕೂಡಲೇ ವಿಚ್ಛೇದನದ ಕರಾರು. ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದದ್ದು 18 ಮೇ 1955. ಮೂಲ ಕಾಯ್ದೆಯ 14ನೇ ಕಲಮಿನಂತೆ, ಅಸಾಧಾರಣ ಕಷ್ಟ ತೋರಿಸಿ ಕೋರ್ಟಿನ ಅನುಮತಿ ಪಡೆಯದಿದ್ದರೆ ಮದುವೆಯಾಗಿ ಮೂರು ವರ್ಷ ಅರ್ಜಿಯನ್ನೇ ಹಾಕುವಂತಿರಲಿಲ್ಲ. 1976ರಲ್ಲಿ ಅದು ಒಂದು ವರ್ಷಕ್ಕೆ ಇಳಿಯಿತು, ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಆಗಲೇ ಬಂತು. ಹಾಗಾಗಿ ಕಥೆಯ ಆತುರ ಕಾನೂನಿಗೆ ಹೊಂದದು. ನಾಯಕ ತಾನೇ ಕೆಟ್ಟವನೆಂದು ಸುಳ್ಳು ಸಾಕ್ಷ್ಯ ಒದಗಿಸುವುದು ಮಾತ್ರ ಹೊಂದುತ್ತದೆ, ಒಬ್ಬರ ತಪ್ಪು ತೋರಿಸದೆ ಬಿಡುಗಡೆ ಇರಲಿಲ್ಲ.

ನಮ್ಮ ಚಿತ್ರಸಮಾಜದಲ್ಲಿ ಓಜು ಚಿತ್ರ ತೋರಿಸಬೇಕು. ಕನ್ನಡ ಅಡಿಬರಹ ನಾವೇ ಮಾಡ್ತಿದ್ದೇವೆ. ಏನೇನು ಎಚ್ಚರ ಬೇಕು?
— ಓದುಗರು, ಉಡುಪಿ

ಮೊದಲು ಹಕ್ಕುದಾರರಿಂದ ಸಾರ್ವಜನಿಕ ಪ್ರದರ್ಶನಕ್ಕೆ ಬರಹದಲ್ಲಿ ಅನುಮತಿ ಪಡೆಯಿರಿ. ಮನೆಯಲ್ಲಿ ನೋಡಲು ಕೊಂಡ ಡಿಸ್ಕಿನ ಹಕ್ಕು ಸಭಾಂಗಣಕ್ಕೆ ಬರುವುದಿಲ್ಲ. ಅಡಿಬರಹ ಮಾಡಲೂ ಒಪ್ಪಿಗೆ ಕೇಳಿ.

ಚಿತ್ರದ ಚೌಕಟ್ಟಿನ ಅಗಲ, ಎತ್ತರದ ಅನುಪಾತ 1.37:1. ಈಗಿನ 16:9 ಪರದೆಯಲ್ಲಿ ಎರಡೂ ಬದಿ ಸೇರಿ ಸುಮಾರು 23 ಶೇಕಡಾ ಕಪ್ಪಾಗಿರಬೇಕು. ಅದನ್ನು ತುಂಬಿಸಲು ಯಾರಾದರೂ ಹಿಗ್ಗಿಸಿದರೆ ಮುಖಗಳು 30 ಶೇಕಡಾ ಅಗಲವಾಗುತ್ತವೆ. ಜೂಮ್ ಮಾಡಿದರೆ ಮೇಲೆ ಕೆಳಗೆ ಕತ್ತರಿ ಬೀಳುತ್ತದೆ. ಓಜು ಕ್ಯಾಮೆರಾ ನೆಲದ ಮಟ್ಟಕ್ಕೆ ಹತ್ತಿರ, ಕೆಳಗೆ ಕತ್ತರಿಸಿದರೆ ಊಟದ ಬಟ್ಟಲೇ ಹೋಗುತ್ತದೆ. ಟಿವಿಯಾದರೆ ಚಲನೆ ನುಣುಪಾಗಿಸುವ ಆಯ್ಕೆಯನ್ನು ನಿಲ್ಲಿಸಿಬಿಡಿ.

ಅಡಿಬರಹದ ಫೈಲ್ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿರಲಿ, ಇಲ್ಲದಿದ್ದರೆ ಕನ್ನಡ ಬದಲು ಅರ್ಥವಿಲ್ಲದ ಚಿಹ್ನೆಗಳು ಬರಬಹುದು. ವಿಡಿಯೊ ತೋರಿಸುವ ವಿಎಲ್‌ಸಿ ತಂತ್ರಾಂಶದಲ್ಲಿ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಆರಿಸಿ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಎರಡು ಸಾಲಿಗಿಂತ ಹೆಚ್ಚು ಬೇಡ, ತಳದ ಅಂಚಿನಿಂದ ತುಸು ಮೇಲಕ್ಕೆ ಎತ್ತಿ. ಕಪ್ಪು ಬಿಳುಪು ಚಿತ್ರ, ಬಿಳಿ ಅಂಗಿಗಳ ಮೇಲೆ ಬಿಳಿ ಅಕ್ಷರ ಓದಲಾಗುವುದಿಲ್ಲ, ಹಿಂದೆ ಕಪ್ಪು ಪಟ್ಟಿ ಕೊಡಿ. ಶುರುವಿನಲ್ಲಿ ಸರಿಯಿದ್ದು ಬರಬರುತ್ತಾ ತಪ್ಪಿದರೆ ವೇಗ ಹೊಂದಿಲ್ಲ ಎಂದರ್ಥ. ಸೆಕೆಂಡಿಗೆ 24 ಚೌಕಟ್ಟಿನ ಪ್ರತಿ ಸುಮಾರು 115 ನಿಮಿಷ, 25ರದ್ದು ಸುಮಾರು 110. ಪ್ರತಿ ನಿಮಿಷಕ್ಕೆ 2.4 ಸೆಕೆಂಡು ವ್ಯತ್ಯಾಸ ಬೀಳುತ್ತದೆ, ಒಟ್ಟಿಗೇ ಹಿಂದೆ ಮುಂದೆ ಸರಿಸಿದರೆ ಸರಿಹೋಗದು. ಫೈಲಿನ ವೇಗವನ್ನೇ ಬದಲಿಸಬೇಕು.

ವಿರಾಮ ಬೇಕೇ ಬೇಕೆಂದರೆ ಸೆತ್ಸುಕೊ ನಾಟಕಶಾಲೆಯಿಂದ ತಪ್ಪಿಸಿಕೊಂಡ ಭಾಗ ಮುಗಿದ ಮೇಲೆ ಕೊಡಿ. ವಿಮಾನ ಹೊರಟ ಮೇಲೆ ಖಂಡಿತ ಬೇಡ. ಅಡುಗೆಮನೆಯ ದೃಶ್ಯದಲ್ಲಿ ಮಾತು ಕಡಿಮೆ, ಸಾಧ್ಯವಾದರೆ ಆಗ ಫ್ಯಾನ್ ಆರಿಸಿ.

ಚುಟುಕು

ಪಚಿಂಕೊ (ಗುಂಡು ಚಿಮ್ಮಿಸುವ ಯಂತ್ರದ ಆಟ) ಅಂಗಡಿಯವನ ಪಾತ್ರಧಾರಿ ಯಾರು? (ಶಿರಸಿ)
ಚಿಶು ರ್‍ಯು, ಓಜು ಚಿತ್ರಗಳ ಖಾಯಂ ನಟ. ಇಲ್ಲಿ ಮೊಕಿಚಿಯ ಕೈಕೆಳಗೆ ಸೈನ್ಯದಲ್ಲಿದ್ದವನು. ಯುದ್ಧಕಾಲದ ಸಿಂಗಪುರವನ್ನು ನೆನೆದು ಹಾಡುತ್ತಾನೆ. ಓಜು ಕೂಡ 1943ರಿಂದ ಯುದ್ಧ ಮುಗಿಯುವವರೆಗೆ ಸಿಂಗಪುರದಲ್ಲಿದ್ದರು.

ಓಜು ಕ್ಯಾಮೆರಾ ಅಲುಗಾಡುವುದೇ ಇಲ್ಲವೇ? (ಕಲಬುರಗಿ)
ಈ ಚಿತ್ರದಲ್ಲಿ ಅಲುಗುತ್ತದೆ. ಯಾರೂ ಇಲ್ಲದ ಕೋಣೆಗಳಲ್ಲಿ ಮೆಲ್ಲಗೆ ಮುಂದೆ ಸರಿಯುವುದನ್ನು ನೋಡಿ.

ಗುರುದತ್ ಚಿತ್ರದಲ್ಲಿ ಮೈಸೂರಿನವರು ಯಾರಿದ್ದರು? (ಕ್ಯಾಲಿಫೋರ್ನಿಯಾ)
ಗುರುದತ್ ಹುಟ್ಟಿದ್ದು 1925ರಲ್ಲಿ ಬೆಂಗಳೂರಿನಲ್ಲಿ. ಛಾಯಾಗ್ರಾಹಕ ವಿ. ಕೆ. ಮೂರ್ತಿ ಮೈಸೂರಿನವರು, ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ನಾಯಕ ವ್ಯಂಗ್ಯಚಿತ್ರಕಾರ, ತೆರೆಯ ಮೇಲೆ ಕಾಣುವ ಚಿತ್ರಗಳನ್ನು ಬರೆದವರು ಮೈಸೂರಿನ ಆರ್. ಕೆ. ಲಕ್ಷ್ಮಣ್.